ಓಡಿಸುವಾಗ ಲೈಬ್ರರಿ ಸಿಗದಿದ್ದರೆ: ಮೂರು ಉಪಾಯಗಳ ಹೋಲಿಕೆ

ಎಚ್‌ಟಿಟಿಪಿ/3 (ವೆಬ್ ಪ್ರೋಟೋಕಾಲಿನ ಹೊಸ ಆವೃತ್ತಿ) ಸೌಲಭ್ಯಕ್ಕಾಗಿ, ಜಾಲದಲ್ಲಿ ದತ್ತಾಂಶ ಕಳಿಸಿ ತರಿಸುವ ಲಿಬ್‌ಕರ್ಲ್ ಲೈಬ್ರರಿ ಮತ್ತು ಅದು ಅವಲಂಬಿಸುವ ಎನ್‌ಜಿಟಿಸಿಪಿ2 ಲೈಬ್ರರಿ, ಎರಡನ್ನೂ ಸೀಮೇಕ್ ಎಂಬ ಬಿಲ್ಡ್ ಸಾಧನ ಬಳಸಿ ಬಿಲ್ಡ್ ಮಾಡಿ ಆಪ್ಟ್ ಡೈರೆಕ್ಟರಿಯಲ್ಲಿ ಇರಿಸಿದ್ದೆ. ಅವುಗಳೊಂದಿಗೆ ಲಿಂಕ್ ಆದ ಪ್ರೋಗ್ರಾಮ್ ಕರ್ಲ್ ಇಲ್ಲದ ಉಬುಂಟು ಸರ್ವರಿನಲ್ಲಿ ಶೇರ್ಡ್ ಆಬ್ಜೆಕ್ಟ್ ಫೈಲ್ ಸಿಗಲಿಲ್ಲವೆಂದು ನಿಂತಿತು. ಕರ್ಲ್ ಮೊದಲೇ ಇದ್ದ ಯಂತ್ರದಲ್ಲಿ ಸದ್ದಿಲ್ಲದೆ ಸಿಸ್ಟಮ್ಮಿನ ಹಳೆಯ ಪ್ರತಿಯನ್ನೇ ಎತ್ತಿಕೊಂಡಿತು. (ಇದಕ್ಕಿಂತ ದೋಷಸಂದೇಶವೇ ವಾಸಿ.) ಬಿಲ್ಡ್ ಮಾಡುವಾಗ ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಜೋಡಿಸುವ ಲಿಂಕರ್‌ಗೆ ಕೊಡುವ ದೊಡ್ಡಕ್ಷರದ ಎಲ್ ಆಯ್ಕೆ ಲಿಂಕ್ ಮಾಡುವ ಹೊತ್ತಿಗಷ್ಟೇ ಅನ್ವಯಿಸುತ್ತದೆ, ಓಡಿಸುವಾಗ ಲೈಬ್ರರಿಗಳನ್ನು ಹುಡುಕಿ ತರುವ ಡೈನಮಿಕ್ ಲೋಡರ್‌ಗೆ ಜಾಗವನ್ನು ಬೇರೆಯಾಗಿಯೇ ತಿಳಿಸಬೇಕು.

ಲೋಡರ್ ಹುಡುಕಬೇಕಾದ ಡೈರೆಕ್ಟರಿಗಳನ್ನು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ ಎಲ್‌ಡಿ_ಲೈಬ್ರರಿ_ಪಾತ್ ಎಲ್ಲಕ್ಕಿಂತ ಬೇಗ ಫಲ ಕೊಡುತ್ತದೆ, ಆದರೆ ಅದನ್ನು ಎಕ್ಸ್‌ಪೋರ್ಟ್ ಮಾಡಿದ ಟರ್ಮಿನಲ್‌ನಿಂದ ಹುಟ್ಟುವ ಪ್ರತಿಯೊಂದು ಪ್ರೋಗ್ರಾಮಿಗೂ ಅದು ಅಂಟಿಕೊಳ್ಳುವುದರಿಂದ, ಸಿಸ್ಟಮ್ಮಿನ ಕರ್ಲ್ ಆಜ್ಞೆಯೂ ನನ್ನ ಲೈಬ್ರರಿಯನ್ನೇ ಹಿಡಿದು, ಅದರಲ್ಲಿ ವರ್ಷನ್ ಮಾಹಿತಿಯಿಲ್ಲವೆಂದು ಗೊಣಗತೊಡಗಿತು. ಸೆಟ್‌ಯುಐಡಿ ಪ್ರೋಗ್ರಾಮುಗಳಲ್ಲಂತೂ (ಓಡಿಸಿದವರದ್ದಲ್ಲ, ಫೈಲಿನ ಒಡೆಯರ ಅಧಿಕಾರದಲ್ಲಿ ಓಡುವಂಥವು) ಲೋಡರ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಸಾಕು, ಬಳಕೆಗೆ ಬೇಡ.

ಎಲ್‌ಡಿ.ಎಸ್‌ಓ.ಕಾನ್ಫ್.ಡಿ ಡೈರೆಕ್ಟರಿಯಲ್ಲಿ ಲೈಬ್ರರಿ ಇರುವ ಜಾಗವನ್ನು ಹೇಳುವ ಒಂದು ಸಾಲಿನ ಫೈಲ್ ಬರೆದು, ಲೋಡರಿನ ಪಟ್ಟಿಯನ್ನು ನವೀಕರಿಸುವ ಎಲ್‌ಡಿಕಾನ್ಫಿಗ್ ಅನ್ನು ರೂಟ್ ಆಗಿ ಓಡಿಸುವುದು ಎರಡನೆಯದು. ಸಿಸ್ಟಮ್ಮಿನಲ್ಲಿ ಬೇರೆ ಪ್ರತಿಯೇ ಇಲ್ಲದ ಎನ್‌ಜಿಟಿಸಿಪಿ2ಗೆ ಇದಕ್ಕಿಂತ ಅಚ್ಚುಕಟ್ಟಾದ ಉಪಾಯವಿಲ್ಲ. ಲಿಬ್‌ಕರ್ಲ್ ವಿಷಯದಲ್ಲಿ ಮಾತ್ರ ಮೊದಲಿನ ತಂಟೆಯೇ ಟರ್ಮಿನಲ್ ದಾಟಿ ಇಡೀ ಯಂತ್ರಕ್ಕೆ ಹಬ್ಬುತ್ತದೆ.

ನಾನು ಕೊನೆಗೆ ಉಳಿಸಿಕೊಂಡದ್ದು, ಹುಡುಕುವ ದಾರಿಯನ್ನು ಬೈನರಿಯೊಳಗೇ ಬರೆದಿಡುವ ಆರ್‌ಪಾತ್ ಅನ್ನು. ಡಾಲರ್ ಚಿಹ್ನೆಯೊಂದಿಗೆ ಒರಿಜಿನ್ ಎಂದು ಬರೆದರೆ, ಬೈನರಿ ಇರುವ ಜಾಗದಿಂದಲೇ ದಾರಿ ಲೆಕ್ಕವಾಗುವುದರಿಂದ ಇಡೀ ಫೋಲ್ಡರನ್ನು ಎಲ್ಲಿಗೆ ಒಯ್ದರೂ ತೊಂದರೆಯಿಲ್ಲ. ಮೇಕ್‌ಫೈಲಿನಲ್ಲಿ ಡಾಲರ್ ಅನ್ನು ಎರಡು ಸಲ ಬರೆದು, ಶೆಲ್ ಅದನ್ನು ಬಿಡಿಸಿಬಿಡದಂತೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇದರಲ್ಲೂ ಒಂದು ತೊಡಕಿದೆ. ಉಬುಂಟುವಿನ ಲಿಂಕರ್ ಬರೆಯುವುದು ಹಳೆಯ ಆರ್‌ಪಾತ್ ಅಲ್ಲ, ಅದರ ಹೊಸ ರೂಪವಾದ ರನ್‌ಪಾತ್. ಅದು ಪ್ರೋಗ್ರಾಮಿಗೆ ನೇರವಾಗಿ ಬೇಕಾದ ಲೈಬ್ರರಿಗಳಿಗೆ ಮಾತ್ರ ಅನ್ವಯಿಸುವುದರಿಂದ, ಲಿಬ್‌ಕರ್ಲ್ ಸಿಕ್ಕರೂ ಅದಕ್ಕೆ ಬೇಕಾದ ಎನ್‌ಜಿಟಿಸಿಪಿ2 ಸಿಗುವುದಿಲ್ಲ. ಸೀಮೇಕ್ ಇನ್‌ಸ್ಟಾಲ್ ಮಾಡುವಾಗ ಬಿಲ್ಡ್ ಸಮಯದ ದಾರಿಗಳನ್ನು ಅಳಿಸಿಬಿಡುವುದರಿಂದ, ಸೀಮೇಕ್_ಇನ್‌ಸ್ಟಾಲ್_ಆರ್‌ಪಾತ್ ಕೊಟ್ಟು ಲಿಬ್‌ಕರ್ಲ್ ಒಳಗೂ ದಾರಿಯನ್ನು ಬರೆಸಬೇಕಾಯಿತು. ಲಿಂಕರ್‌ಗೆ ಡಿಸೇಬಲ್-ನ್ಯೂ-ಡಿಟ್ಯಾಗ್ಸ್ ಹೇಳಿ ಹಳೆಯ ಆರ್‌ಪಾತ್ ಬರೆಸಿದರೂ ಕೆಲಸ ಆಗುತ್ತದೆ. ಆದರೆ ಅದು ಎಲ್‌ಡಿ_ಲೈಬ್ರರಿ_ಪಾತ್‌ಗಿಂತ ಮೊದಲೇ ನೋಡಲ್ಪಡುವುದರಿಂದ ಬಳಕೆದಾರರಿಗೆ ದಾರಿ ಬದಲಿಸುವ ಅವಕಾಶ ಉಳಿಯುವುದಿಲ್ಲ.

ಯಾವುದು ಬರೆಯಲ್ಪಟ್ಟಿದೆ ಎಂಬುದನ್ನು ಬೈನರಿಯ ಒಳವಿವರ ಓದುವ ರೀಡ್‌ಎಲ್ಫ್ ಆಜ್ಞೆಯ ಡಿ ಆಯ್ಕೆ ತೋರಿಸುತ್ತದೆ. ಸೋರ್ಸ್ ಕೈಯಲ್ಲಿಲ್ಲದ ಬೈನರಿಯಾದರೆ, ಅದೇ ದಾರಿಯನ್ನು ಬೈನರಿಯನ್ನೇ ತಿದ್ದುವ ಪ್ಯಾಚ್‌ಎಲ್ಫ್ ಮೂಲಕ ಆಮೇಲೆಯೂ ಸೇರಿಸಬಹುದು.