₹8,000ದ ಮಿನಿ ಪ್ರೊಜೆಕ್ಟರ್: 70 ಇಂಚಿಗೆ ಇಳಿಸಿದ ಮೇಲೆ ಚೆನ್ನಾಯಿತು (14 ತಿಂಗಳ ಬಳಕೆ)

ತಗೊಂಡ ಮೊದಲ ವಾರವೇ ವಾಪಸ್ ಕಳಿಸೋಣ ಅಂತ ಇದನ್ನು ಡಬ್ಬಿಗೆ ಹಾಕಿ ಟೇಪ್ ಕೂಡ ಅಂಟಿಸಿದ್ದೆ. ಈಗ 14 ತಿಂಗಳಾಯಿತು, ವಾರದಲ್ಲಿ ನಾಲ್ಕೈದು ರಾತ್ರಿ ನಮ್ಮ ಹಾಲ್‌ನಲ್ಲಿ ಇದೇ ಓಡುತ್ತದೆ. ಮೆಷಿನ್ ಅದೇ. ಇಟ್ಟ ಜಾಗ, ಗೋಡೆ, ಚಿತ್ರದ ಅಳತೆ ಮಾತ್ರ ಬದಲಾಯಿಸಿದೆ. ಕಡಿಮೆ ಬೆಲೆಯ ಪ್ರೊಜೆಕ್ಟರ್ ತಂದು ಬೇಜಾರಾಗಿ ಮೂಲೆಗೆ ಇಟ್ಟವರು ತುಂಬ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಗಿರಿನಗರದಲ್ಲಿ ಬಾಡಿಗೆ ಮನೆ. ಹಾಲ್ 10 ಅಡಿಗೆ 12 ಅಡಿ. ಅಮ್ಮ, ಹೆಂಡತಿ, ಮಗಳು, ನಾನು. ಪೆಟ್ಟಿಗೆ ಮೇಲೆ '4ಕೆ ಸಪೋರ್ಟ್', '9,000 ಲ್ಯೂಮೆನ್' ಅಂತ ದೊಡ್ಡ ಅಕ್ಷರದಲ್ಲಿ ಇತ್ತು. 4ಕೆ ಸಪೋರ್ಟ್ ಅಂದರೆ 4ಕೆ ವಿಡಿಯೊ ಕೊಟ್ಟರೆ ಮೆಷಿನ್ ಅದನ್ನು ಓದುತ್ತದೆ ಅಂತ ಅಷ್ಟೇ. ಗೋಡೆ ಮೇಲೆ ಬೀಳುವುದು ಒಳಗಿನ ಎಲ್‌ಸಿಡಿ ಪ್ಯಾನೆಲ್‌ನಲ್ಲಿ ಎಷ್ಟು ಚುಕ್ಕೆ ಇವೆಯೋ ಅಷ್ಟು. ನನ್ನದರಲ್ಲಿ 1280×720. ಬೆಳಕಿನ ಲೆಕ್ಕದಲ್ಲಿ ನೋಡಬೇಕಾದ್ದು ಆನ್ಸಿ ಲ್ಯೂಮೆನ್. ಪರದೆಯ ಒಂಬತ್ತು ಜಾಗದಲ್ಲಿ ಬೆಳಕು ಅಳೆದು, ಸರಾಸರಿ ತೆಗೆದು, ಅದನ್ನು ಪರದೆಯ ವಿಸ್ತೀರ್ಣದಿಂದ ಗುಣಿಸಿ ಹೇಳುವ ಸಂಖ್ಯೆ ಅದು. ಮಾರಿದವರನ್ನು ಎರಡು ಸಲ ಕೇಳಿದ ಮೇಲೆ 200 ಅಂತ ಉತ್ತರ ಬಂತು.

ಈ 200 ಗೊತ್ತಾದ ಮೇಲೆಯೇ ನನಗೆ ದಾರಿ ಕಂಡಿದ್ದು. ಮೊದಲು ಎಲ್ಲರ ಹಾಗೆ ನಾನೂ ಗೋಡೆ ತುಂಬ 100 ಇಂಚು ಬಿಟ್ಟಿದ್ದೆ. ಅದು ಹತ್ತಿರ ಹತ್ತಿರ 30 ಚದರ ಅಡಿ. ಇರುವ ಬೆಳಕೆಲ್ಲ ಅಷ್ಟು ಜಾಗಕ್ಕೆ ಹರಡಿ ಚಿತ್ರ ನೀರು ಬೆರೆಸಿದ ಹಾಲಿನ ಹಾಗೆ ಕಾಣುತ್ತಿತ್ತು. 70 ಇಂಚಿಗೆ ಇಳಿಸಿದರೆ 14.5 ಚದರ ಅಡಿ. ಅಂದರೆ ಜಾಗ ಅರ್ಧ, ಬೆಳಕು ಎರಡರಷ್ಟು. 200ನ್ನು 14.5ರಿಂದ ಭಾಗಿಸಿ ನೋಡಿ, ಸುಮಾರು 14 ಬರುತ್ತದೆ. ಡಿಜಿಟಲ್ ಸಿನಿಮಾ ಥಿಯೇಟರ್‌ಗಳಲ್ಲಿ ಪರದೆ ಇಷ್ಟು ಬೆಳಗಬೇಕು ಅಂತ ಇಟ್ಟುಕೊಂಡಿರುವ ಅಳತೆಯೂ 14 ಫುಟ್-ಲ್ಯಾಂಬರ್ಟ್ (ಸಾಮಾನ್ಯ ಬಿಳಿ ಪರದೆಯಲ್ಲಿ ಒಂದು ಚದರ ಅಡಿಗೆ ಎಷ್ಟು ಲ್ಯೂಮೆನ್ ಅನ್ನುವ ಲೆಕ್ಕವೇ ಇದು). ಬಣ್ಣ ಸರಿ ಮಾಡುವಾಗ ಸ್ವಲ್ಪ ಬೆಳಕು ಕಳೆದುಕೊಳ್ಳುತ್ತೇವೆ, ಪೂರ್ತಿ ಕತ್ತಲೂ ಬೇಕು. ಆದರೂ ಸಣ್ಣ ಮೆಷಿನ್‌ನಿಂದ ಆ ಹತ್ತಿರಕ್ಕೆ ಹೋಗಬಹುದು ಅನ್ನೋದೇ ನನಗೆ ತುಂಬ ಖುಷಿ ಕೊಟ್ಟಿತು. ಇನ್ನೊಂದು ಲಾಭ: 100 ಇಂಚಿನಲ್ಲಿ ಒಂದೊಂದು ಚುಕ್ಕೆ ಸುಮಾರು 1.7 ಮಿಲಿಮೀಟರ್ ಆಗುತ್ತದೆ, 70ರಲ್ಲಿ 1.2. ಮುಖದ ಮೇಲೆ ಜಾಲರಿ ಎಳೆದ ಹಾಗೆ ಕಾಣುತ್ತಿದ್ದದ್ದು ಹೋಯಿತು.

ಎರಡನೇ ತಪ್ಪು, ಇದನ್ನು ಟೀಪಾಯ್ ಮೇಲಿಟ್ಟು ಮುಂದೆ ಒಂದು ಪುಸ್ತಕ ಕೊಟ್ಟು ಮೇಲಕ್ಕೆ ಎತ್ತಿದ್ದು. ಹಾಗೆ ಎತ್ತಿದರೆ ಚಿತ್ರ ಮೇಲುಗಡೆ ಅಗಲ, ಕೆಳಗಡೆ ಕಿರಿದು. ಅದನ್ನು ಸರಿ ಮಾಡಲು ರಿಮೋಟ್‌ನಲ್ಲಿ ಕೀಸ್ಟೋನ್ ಇದೆಯಲ್ಲ, ಅದು ಪ್ಯಾನೆಲ್‌ನ ಅಂಚಿನ ಚುಕ್ಕೆಗಳನ್ನು ಬಳಸದೆ ಬಿಟ್ಟು ಚಿತ್ರವನ್ನು ಒಳಗೆ ಕುಗ್ಗಿಸುತ್ತದೆ. ಇರೋದೇ 720, ಅದರಲ್ಲೂ ಒಂದಷ್ಟು ಹೋಯಿತು. ಕ್ರಿಕೆಟ್ ಸ್ಕೋರಿನ ಅಕ್ಷರಗಳ ಅಂಚು ಗರಗಸದ ಹಲ್ಲಿನ ಹಾಗೆ ಆಗಿತ್ತು. ಛಾವಣಿಗೆ ತೂತು ಹೊಡೆಯಲು ಓನರ್ ಒಪ್ಪಲಿಲ್ಲ. ಆಮೇಲೆ ಕೆಳಗೆ ನೋಡಿದರೆ ಕ್ಯಾಮೆರಾ ಟ್ರೈಪಾಡ್ ಹಾಕುವ ಕಾಲಿಂಚಿನ ಸ್ಕ್ರೂ ತೂತು ಇತ್ತು! ಮನೆಯಲ್ಲಿದ್ದ ಹಳೆ ಟ್ರೈಪಾಡ್ ಮೇಲೆ ಕೂರಿಸಿ, ಲೆನ್ಸನ್ನು ಚಿತ್ರದ ನಡುಮಧ್ಯದ ಎತ್ತರಕ್ಕೆ ತಂದು, ಗೋಡೆಯಿಂದ ಆರೂವರೆ ಅಡಿ ದೂರದಲ್ಲಿ ನೇರ ನಿಲ್ಲಿಸಿದೆ. ಕೀಸ್ಟೋನ್ ಸೊನ್ನೆ. ನಾವು ಅದರ ಹಿಂದೆ ದಿವಾನದ ಮೇಲೆ ಕೂರುತ್ತೇವೆ. ಕೆಲವು ಮೆಷಿನ್‌ಗಳಲ್ಲಿ ಚಿತ್ರ ಲೆನ್ಸಿಗಿಂತ ಮೇಲಕ್ಕೇ ಬೀಳುತ್ತದೆ. ಅಂಥದ್ದಾದರೆ ಎತ್ತರ ಬೇರೆ ಆಗುತ್ತದೆ, ಇಟ್ಟು ನೋಡಿಯೇ ತಿಳಿಯಬೇಕು.

ಫೋಕಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆನ್ ಮಾಡಿದ ತಕ್ಷಣ ಫೋಕಸ್ ಸರಿ ಮಾಡಿ ಕೂತರೆ ಕಾಲು ಗಂಟೆಯಲ್ಲಿ ಮತ್ತೆ ಮಸುಕಾಗುತ್ತದೆ. ಮೆಷಿನ್ ಹಾಳಾಗಿದೆ ಅಂದುಕೊಂಡಿದ್ದೆ. ಕಾರಣ ಬಿಸಿ. ಒಳಗೆ ಕಾವೇರಿದ ಹಾಗೆ ಲೆನ್ಸ್ ಮತ್ತು ಅದರ ಪ್ಲಾಸ್ಟಿಕ್ ಹಿಡಿ ಒಂಚೂರು ಹಿಗ್ಗಿ ಜಾಗ ಬದಲಾಗುತ್ತದೆ. ಈಗ 20 ನಿಮಿಷ ಮೊದಲೇ ಆನ್ ಮಾಡಿ ಬಿಡುತ್ತೇನೆ, ಊಟ ಮುಗಿಸಿ ಬಂದು ತಿರುಗಿಸುತ್ತೇನೆ. ಕಡಿಮೆ ಬೆಲೆಯ ಲೆನ್ಸಿನಲ್ಲಿ ನಡುವೆ ಚೂಪಾದರೆ ಮೂಲೆ ಮಸುಕು. ಹಾಗಾಗಿ ನಡುಮಧ್ಯ ನೋಡಿ ಫೋಕಸ್ ಮಾಡಬೇಡಿ. ನಡುವಿಗೂ ಮೂಲೆಗೂ ಮಧ್ಯದ ಜಾಗ ನೋಡಿ ಮಾಡಿ, ಎರಡೂ ಕಡೆ ಒಪ್ಪುವಷ್ಟು ಬರುತ್ತದೆ.

ಇದಕ್ಕೆ ನನ್ನ ಪರೀಕ್ಷೆ ಕನ್ನಡ ನ್ಯೂಸ್ ಚಾನೆಲ್. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಒತ್ತಕ್ಷರ ಇರುವ ಪದ ಬರೋವರೆಗೂ ಕಾಯುತ್ತೇನೆ. 'ರಾಷ್ಟ್ರ' ಅಂತ ಬಂದಾಗ ಷ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಬೇರೆ ಬೇರೆಯಾಗಿ ಕಂಡರೆ ಫೋಕಸ್ ಸರಿ ಇದೆ ಅಂತ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದಿಕೊಂಡು ಹೋಗಬಹುದು, ನಮ್ಮ ಒತ್ತಕ್ಷರದಲ್ಲಿ ಹಾಗಾಗಲ್ಲ. ಮೊದಲ ಸಲ ಇದು ಸರಿಯಾದ ದಿನ ಅಮ್ಮ "ಈಗ ಕೆಳಗಡೆ ಬರೋದು ಓದಬಹುದು ಕಣೋ" ಅಂದರು. ವಾಪಸ್ ಕಳಿಸುವ ಮಾತು ಅವತ್ತಿಗೆ ನಿಂತಿತು.

ಗೋಡೆಗೆ ಬರೋಣ. ಬಾಡಿಗೆ ಮನೆ ಅಂದರೆ ಕ್ರೀಮ್ ಬಣ್ಣ, ರೋಲರ್ ಹೊಡೆದ ಸಣ್ಣ ಸಣ್ಣ ಗುಳ್ಳೆ. ಬಿಳಿಯೆಲ್ಲ ಹಳದಿ ತಿರುಗುತ್ತಿತ್ತು. ಬಿಳಿ ಬೆಡ್‌ಶೀಟ್ ಕಟ್ಟಿ ನೋಡಿದೆ, ಸುಕ್ಕು ಕಾಣುತ್ತದೆ, ಬೆಳಕು ಅರ್ಧ ಹಿಂದಕ್ಕೆ ತೂರಿಹೋಗುತ್ತದೆ. ಕೊನೆಗೆ ಚಿಕ್ಕಪೇಟೆಯಲ್ಲಿ ಕಿಟಕಿ ಪರದೆಗೆ ಹಾಕುವ ದಪ್ಪ ಬಿಳಿ ಬ್ಲ್ಯಾಕೌಟ್ ಬಟ್ಟೆ ತಂದೆ. ಮರದ ರೀಪರ್ ಚೌಕಟ್ಟಿಗೆ ಬಿಗಿಯಾಗಿ ಎಳೆದು ಪಿನ್ ಹೊಡೆದು, ಸುತ್ತ ನಾಲ್ಕು ಬೆರಳಗಲ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿದೆ. ಒಟ್ಟು ₹1,100 ಆಯಿತು. ಆ ಕಪ್ಪು ಅಂಚು ಇದ್ದರೆ ಒಳಗಿನ ಬಣ್ಣ ಎದ್ದು ಕಾಣುತ್ತದೆ, ಮಾಡಿ ನೋಡಿ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಚೆಲ್ಲಲು ಆಗಲ್ಲ ಅಲ್ವಾ? ಕೋಣೆಯಲ್ಲಿ ಎಷ್ಟು ಕತ್ತಲು ಇದೆಯೋ ಅದಕ್ಕಿಂತ ಕಪ್ಪು ಬರೋಕೆ ಸಾಧ್ಯವೇ ಇಲ್ಲ. ನಮ್ಮ ಕಿಟಕಿ ಎದುರಿಗೇ ಬೀದಿದೀಪ ಇದೆ. ಉಳಿದ ಅದೇ ಬಟ್ಟೆಯನ್ನು ಕಿಟಕಿಗೂ ಕಟ್ಟಿದೆ.

ಸೆಟ್ಟಿಂಗ್ ಬೇಗ ಹೇಳಿಬಿಡುತ್ತೇನೆ. ಬಂದಾಗ ವಿವಿಡ್ ಮೋಡ್‌ನಲ್ಲಿತ್ತು, ಎಲ್ಲರ ಮುಖವೂ ನೀಲಿ. ಬಣ್ಣವನ್ನು ವಾರ್ಮ್‌ಗೆ ಹಾಕಿ, ಶಾರ್ಪ್‌ನೆಸ್ ತುಂಬ ಇಳಿಸಿ. ಬಿಳಿ ಪಂಚೆ ಉಟ್ಟವರು ಬಂದಾಗ ಪಂಚೆಯ ಮಡಿಕೆ ಕಾಣುವವರೆಗೆ ಕಾಂಟ್ರಾಸ್ಟ್ ತಗ್ಗಿಸಿ. ಕಪ್ಪು ಕೂದಲು ಒಂದೇ ಮುದ್ದೆ ಆಗದೆ ಎಳೆ ಕಾಣುವ ಹಾಗೆ ಬ್ರೈಟ್‌ನೆಸ್ ಇಡಿ. ಒಳಗಿನ ಆ್ಯಪ್‌ಗಳನ್ನು ನಾನು ಬಳಸಲ್ಲ. ಒಟಿಟಿಗೆ ಬೇಕಾದ ಪರವಾನಗಿ ಇಲ್ಲದ ಮೆಷಿನ್‌ನಲ್ಲಿ ಎಚ್‌ಡಿ ಬರಲ್ಲ, ಚಿತ್ರ ಕೆಳದರ್ಜೆಯಲ್ಲೇ ಬರುತ್ತದೆ. ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿದರೆ ಮುಗಿಯಿತು. ಸ್ಟಿಕ್‌ಗೆ ಕರೆಂಟ್ ಮಾತ್ರ ಬೇರೆ ಅಡಾಪ್ಟರ್‌ನಿಂದ ಕೊಡಿ, ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದ ಕೊಟ್ಟಾಗ ನಮ್ಮದು ಮಧ್ಯೆ ಮಧ್ಯೆ ರೀಸ್ಟಾರ್ಟ್ ಆಗುತ್ತಿತ್ತು. ಸೌಂಡ್‌ಗೆ ವೈರ್ ಹಾಕಿದ ಸ್ಪೀಕರ್ ಇದೆ.

ನಿಜವಾಗಿ ಬೇಸರ ತಂದದ್ದು ಧೂಳು. ಒಂಬತ್ತನೇ ತಿಂಗಳು ಪರದೆಯ ಬಲಗಡೆ ಗೋಲಿ ಗಾತ್ರದ ಒಂದು ಬೂದು ಮಚ್ಚೆ ಬಂತು. ರಾತ್ರಿಯ ದೃಶ್ಯ ಬಂದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆಗ ನಮ್ಮ ರಸ್ತೆ ಎರಡು ತಿಂಗಳಿಂದ ಅಗೆದು ಬಿದ್ದಿತ್ತು. ಲೆನ್ಸ್ ಒರೆಸಿದೆ, ಹೋಗಲಿಲ್ಲ. ಮಾರಿದವರು ಧೂಳು ವಾರಂಟಿಗೆ ಬರಲ್ಲ ಅಂದುಬಿಟ್ಟರು, ಅದು ಈಗಲೂ ಸರಿ ಅನಿಸಿಲ್ಲ. ಎಸ್.ಪಿ. ರಸ್ತೆಯ ಒಬ್ಬ ರಿಪೇರಿಯವರು ನೋಡಿದ ತಕ್ಷಣ ಹೇಳಿದರು: "ಸರ್, ಇದು ಲೆನ್ಸ್ ಮೇಲಿನದಲ್ಲ, ಒಳಗೆ ಪ್ಯಾನೆಲ್ ಮೇಲೆ ಕೂತಿದೆ. ಫ್ಯಾನ್ ಎಳೆದುಕೊಂಡಿದೆ." ಎಂಟು ಸ್ಕ್ರೂ ಬಿಚ್ಚಿ, ಪೇಪರ್‌ನಷ್ಟು ತೆಳು ರಿಬ್ಬನ್ ಕೇಬಲ್ ಪಕ್ಕಕ್ಕೆ ಸರಿಸಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಎಳೆ ನಾರು, ಅಷ್ಟೇ. ಗಾಳಿ ಊದುವ ರಬ್ಬರ್ ಬಲ್ಬ್ ಎರಡು ಸಲ ಒತ್ತಿದರು, ಹೋಯಿತು. ₹400 ತಗೊಂಡರು. ಈಗ ತಿಂಗಳಿಗೊಮ್ಮೆ ಗಾಳಿ ಎಳೆಯುವ ಜಾಲರಿಯನ್ನು ಮೆತ್ತನೆ ಬ್ರಷ್‌ನಿಂದ ಒರೆಸುತ್ತೇನೆ. ನೋಡಿ ಆದ ಮೇಲೆ ಮೆಷಿನ್ ಆರಲು ಬಿಟ್ಟು ಬಟ್ಟೆ ಚೀಲಕ್ಕೆ ಹಾಕುತ್ತೇನೆ. ಐದು ತಿಂಗಳಿಂದ ಮಚ್ಚೆ ಬಂದಿಲ್ಲ.

ಆಗದ ಕೆಲಸವೂ ಇದೆ. ಐಪಿಎಲ್‌ನ ಸಂಜೆ ಏಳೂವರೆ ಮ್ಯಾಚ್ ಚೆನ್ನಾಗಿ ನೋಡಬಹುದು, ಮಧ್ಯಾಹ್ನ ಮೂರೂವರೆಯದ್ದು ಆಗಲ್ಲ, ಕಿಟಕಿ ಮುಚ್ಚಿದರೂ ಬಾಲ್ ಹುಡುಕಬೇಕು. ಫ್ಯಾನ್ ಸದ್ದು ಮೆಲುದನಿಯ ದೃಶ್ಯದಲ್ಲಿ ಕೇಳುತ್ತದೆ. ಹಗಲು ಟಿವಿ ನೋಡುವ ಮನೆಗೆ ಇದು ಬೇಡವೇ ಬೇಡ, ಅದೇ ದುಡ್ಡಿಗೆ 32 ಇಂಚಿನ ಟಿವಿ ನೋಡಿ.

ಇವತ್ತು ಹೊಸದು ತಗೊಳ್ಳುವುದಾದರೆ ಮಾರುವವರನ್ನು ಮೂರೇ ವಿಷಯ ಕೇಳುತ್ತೇನೆ. ಪ್ಯಾನೆಲ್‌ನ ನೇಟಿವ್ ರೆಸಲ್ಯೂಷನ್ (ಅಂದರೆ ಅದರಲ್ಲಿ ನಿಜವಾಗಿ ಇರುವ ಚುಕ್ಕೆ) ಎಷ್ಟು, ಆನ್ಸಿ ಲ್ಯೂಮೆನ್ ಎಷ್ಟು, ಪ್ಯಾನೆಲ್ ಕೂತಿರುವ ಒಳಗಿನ ಆಪ್ಟಿಕಲ್ ಬಾಕ್ಸ್ ಧೂಳು ಹೋಗದ ಹಾಗೆ ಸೀಲ್ ಆಗಿದೆಯಾ. ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬಂದರೆ ಮಾತ್ರ ದುಡ್ಡು ಕೊಡುತ್ತೇನೆ.