ಅಗ್ರಿಮೆಂಟ್ ರದ್ದಾದರೆ ಕೊಟ್ಟ ದುಡ್ಡೂ ಹೋಯ್ತು ಅಂತಲ್ಲ, ಹುಷಾರು

ಹಳೇ ಕಾರು ಕೊಳ್ಳುವವರು, ಯಾವುದಕ್ಕೇ ಆಗಲಿ ಅಡ್ವಾನ್ಸ್ ಕೊಡುವವರು ಇದನ್ನು ಓದಿ. ನನಗೆ ಕಾರು ಮಾರಿದವನು ಅದರ ಮೇಲೆ ಬ್ಯಾಂಕ್ ಸಾಲ ಇದ್ದದ್ದನ್ನು ಮುಚ್ಚಿಟ್ಟಿದ್ದ. ಸಾಲ ತೀರಿದೆ ಅಂತ ತೋರಿಸಿದ್ದ ಪತ್ರವೇ ನಕಲಿ. ವಿಷಯ ಗೊತ್ತಾಗಿ, ಈ ವ್ಯವಹಾರ ಬೇಡ, ರದ್ದು ಮಾಡೋಣ ಅಂದೆ. ತಕ್ಷಣ ಒಪ್ಪಿಬಿಟ್ಟ! ಯಾಕೆ ಅಂತ ಆಮೇಲೆ ಗೊತ್ತಾಯ್ತು. "ಅಗ್ರಿಮೆಂಟೇ ಇಲ್ಲ ಅಂದ್ಮೇಲೆ ಯಾವ ಲೆಕ್ಕದಲ್ಲಿ ದುಡ್ಡು ಕೇಳ್ತೀರಾ ಸಾರ್? ಮೊದಲು ಕಾರು ತಂದು ನಿಲ್ಲಿಸಿ, ಬೇರೆಯವರಿಗೆ ಮಾರಿದ್ಮೇಲೆ ನೋಡೋಣ" ಅಂದ. ಸಹಿ ಹಾಕಿ ಅಂತ ಕಳಿಸಿದ ರದ್ದತಿ ಪತ್ರದ ಕೊನೆಯಲ್ಲಿ, ಯಾರಿಗೂ ಯಾರಿಂದಲೂ ಬಾಕಿ ಇಲ್ಲ ಅನ್ನೋ ಸಾಲು ಬೇರೆ.

ನಾನು ಸಹಿ ಹಾಕಲಿಲ್ಲ. ವಕೀಲರ ಹತ್ತಿರ ಹೋದೆ.

ಅವರು ತೋರಿಸಿದ್ದು 1872ರ ಭಾರತೀಯ ಕರಾರು ಕಾಯ್ದೆಯ 64 ಮತ್ತು 65ನೇ ಸೆಕ್ಷನ್. ಮೋಸ ಆಯ್ತು ಅಂತ ರದ್ದು ಮಾಡಿದವನು ತಾನು ಪಡೆದದ್ದನ್ನು ವಾಪಸ್ ಕೊಡಬೇಕು. ಕರಾರು ಅಸಿಂಧು ಆದರೆ, ಅದರಿಂದ ಲಾಭ ಪಡೆದವರು ಯಾರೇ ಇರಲಿ, ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ಒಬ್ಬ ಗಾಯಕಿ 6ನೇ ರಾತ್ರಿ ಬೇಕಂತಲೇ ಕೈಕೊಟ್ಟು ನಾಟಕ ಮಂದಿರದವನು ಕರಾರು ರದ್ದು ಮಾಡಿದರೂ, ಅವಳು ಹಾಡಿದ 5 ರಾತ್ರಿಯ ಸಂಬಳ ಕೊಡಲೇಬೇಕು. ತಪ್ಪು ಮಾಡಿದವಳಿಗೇ ಸಿಗುತ್ತೆ ಅಂದ್ರೆ ಮೋಸ ಹೋದವರಿಗೆ ಸಿಗಲ್ವಾ?

ಪಡೆದದ್ದನ್ನು ವಾಪಸ್ ಕೊಡಬೇಕು ಅನ್ನೋದು ನಮಗೂ ಅನ್ವಯಿಸುತ್ತೆ. ನಾನು ಅಷ್ಟು ದಿನ ಕಾರು ಓಡಿಸಿದ್ದಕ್ಕೆ ಒಂದಿಷ್ಟು ಹಿಡಿಯುತ್ತೇನೆ ಅಂತ ಅವನು ಕೇಳಿದ್ದು, ಕೋಪ ಬಂದರೂ, ತೀರಾ ಅನ್ಯಾಯ ಅಲ್ಲ. ಆದರೆ ಅವನು ಹೇಳಿದ ಮೊತ್ತ ನೋಡಿದರೆ ಹೊಸ ಕಾರನ್ನೇ ಬಾಡಿಗೆಗೆ ತರಬಹುದಿತ್ತು. ನೋಟಿಸ್ ಹೋದ ಮೇಲೆ ಮೆತ್ತಗಾದ. ಜಾಸ್ತಿ ಪಾಲು ಬಂತು, ಉಳಿದದ್ದಕ್ಕೆ ಇನ್ನೂ ಎಳೆದಾಡುತ್ತಿದ್ದಾನೆ.

ಹಾಗಾಗಿ ಬರೀ "ರದ್ದಾಗಿದೆ" ಅನ್ನೋ ಪತ್ರಕ್ಕೆ ಸಹಿ ಹಾಕಬೇಡಿ. ಯಾರು ಏನು ವಾಪಸ್ ಕೊಡಬೇಕು, ಎಷ್ಟು, ಯಾವ ತಾರೀಖಿಗೆ ಅಂತ ಅದರಲ್ಲೇ ಬರೆಸಿ. ವಸ್ತು ಕೊಡೋದು, ದುಡ್ಡು ತಗೊಳ್ಳೋದು ಒಂದೇ ಹೊತ್ತಿಗೆ ಆಗಲಿ. ನಾಳೆ ನಾಡಿದ್ದು ಅಂತ ಕಾಯುತ್ತಾ ಕೂರಬೇಡಿ, ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತೆ. ಇನ್ನೊಂದು ಮಾತು, ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದೂ ಇಬ್ಬರೂ ಸೇರಿ ಮಾಡಿದ ವ್ಯವಹಾರ ಆದರೆ ಕೋರ್ಟ್ ಸಾಮಾನ್ಯವಾಗಿ ಕೈ ಹಿಡಿಯಲ್ಲ, ಅಲ್ಲಿ ಈ 65ನೇ ಸೆಕ್ಷನ್ ನಂಬಿಕೊಂಡು ದುಡ್ಡು ಹಾಕಬೇಡಿ.