ಸ್ಫಿಂಕ್ಸ್ ಜೊತೆ ಆರು ವರ್ಷ: ಬಿಡಲೂ ಆಗಲಿಲ್ಲ, ಬೈಯದೆ ಇರಲೂ ಆಗಲಿಲ್ಲ

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವ ಒಂದು ಪುಟ್ಟ ಪೈಥಾನ್ ಲೈಬ್ರರಿಯನ್ನು ನಾವು ನಾಲ್ಕೈದು ಜನ ಬಿಡುವಿದ್ದಾಗ ನೋಡಿಕೊಳ್ಳುತ್ತೇವೆ. ಕೋಡ್ ಬರೆಯಲು ಎಲ್ಲರೂ ಮುಂದು. ಅದನ್ನು ಬಳಸೋದು ಹೇಗೆ ಅಂತ ಬರೆಯುವ ಮಾತು ಬಂದರೆ ಎಲ್ಲರಿಗೂ ಅವತ್ತೇ ಊರಿಗೆ ಹೋಗುವ ಕೆಲಸ. ಮೊದಲು ಒಂದು ವಿಕಿ ಇತ್ತು. ಕೋಡ್ ಮುಂದೆ ಹೋಯಿತು, ವಿಕಿ ಮೂರು ಆವೃತ್ತಿ ಹಿಂದೆಯೇ ಕೂತಿತು. ಡಾಕ್ಯುಮೆಂಟೇಶನ್ ಕೂಡ ಕೋಡ್ ಇರುವ ರೆಪೊದಲ್ಲೇ ಇರಲಿ ಅಂತ ಆಮೇಲೆ ಸ್ಫಿಂಕ್ಸ್ ಹಿಡಿದೆವು; ಬರೆದ ಕಡತಗಳಿಂದ ಡಾಕ್ಯುಮೆಂಟೇಶನ್ ಪುಟಗಳನ್ನು ಕಟ್ಟಿಕೊಡುವ ಟೂಲ್ ಅದು.

ಸ್ಫಿಂಕ್ಸ್ ಪೈಥಾನ್‌ನ ಸ್ವಂತ ಡಾಕ್ಯುಮೆಂಟೇಶನ್‌ಗಾಗಿಯೇ ಹುಟ್ಟಿದ್ದು, 2008ರಲ್ಲಿ ಹೊರಬಂತು. 2016ರಲ್ಲಿ ಲಿನಕ್ಸ್ ಕರ್ನಲ್‌ನವರೂ ತಾವು ಅಲ್ಲಿಯವರೆಗೆ ಬಳಸುತ್ತಿದ್ದ ಡಾಕ್‌ಬುಕ್ ಅನ್ನೋ ಬರಹದ ರೂಪ ಬಿಟ್ಟು ಇತ್ತ ಬರತೊಡಗಿದರು. ನನಗೆ ಹಿಡಿಸಿದ್ದು ಅದರ ಆಟೊಡಾಕ್ ಅನ್ನೋ ಎಕ್ಸ್‌ಟೆನ್ಶನ್. ಫಂಕ್ಷನ್ ಒಳಗೆ ಬರೆದ ವಿವರಣೆಯನ್ನು ಅದೇ ಎತ್ತಿ ಪುಟಕ್ಕೆ ಹಾಕುತ್ತದೆ. ಗುರಿ ಸಿಗದ ಕೊಂಡಿಗೆಲ್ಲ ಎಚ್ಚರಿಸುವ ನಿಟ್‌ಪಿಕಿ ಸೆಟ್ಟಿಂಗ್ ಹಾಕಿ, ಎಚ್ಚರಿಕೆಗಳನ್ನೆಲ್ಲ ದೋಷ ಅಂತ ಎಣಿಸಲು ಹೇಳಿದರೆ, ಯಾರೋ ಫಂಕ್ಷನ್ ಹೆಸರು ಬದಲಿಸಿದ ದಿನವೇ ಬಿಲ್ಡ್, ಅಂದರೆ ಪುಟ ಕಟ್ಟುವ ಕೆಲಸ, ನಿಂತುಬಿಡುತ್ತದೆ. ಕಿರಿಕಿರಿ ಹೌದು. ಆದರೆ ವಿಕಿಗೆ ಆದ ಗತಿ ಇದಕ್ಕೆ ಆಗಲಿಲ್ಲ.

ತೊಂದರೆ ಇದ್ದದ್ದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ, ಅಂದರೆ ಸ್ಫಿಂಕ್ಸ್‌ಗೆ ಪುಟ ಬರೆದುಕೊಡುವ ಗುರುತುಗಳ ರೂಪದಲ್ಲಿ. ಬಳಕೆದಾರರ ಕೈಪಿಡಿ ಬರೆಯಲು ನಿವೃತ್ತ ಮೇಷ್ಟ್ರೊಬ್ಬರು ಒಪ್ಪಿಕೊಂಡಿದ್ದರು. ಅದರಲ್ಲಿ ಹೆಡಿಂಗ್ ಕೆಳಗೆ = ಚಿಹ್ನೆಗಳ ಗೆರೆ ಎಳೆಯಬೇಕು, ಗೆರೆ ಹೆಡಿಂಗ್‌ನಷ್ಟಾದರೂ ಉದ್ದ ಇರಬೇಕು. ಅವರು 'ಸ್ಥಾಪನೆ' ಅಂತ ಬರೆದು ಕೆಳಗೆ ಮೂರು = ಹಾಕಿದ್ದರು. ಬಿಲ್ಡ್ ಮಾಡಿದರೆ ಅದು ಹೆಡಿಂಗೇ ಆಗಲಿಲ್ಲ, ಮಾಮೂಲಿ ಸಾಲಾಗಿ ಬಂತು. 'ಮೂರಕ್ಷರಕ್ಕೆ ಮೂರು ಹಾಕಿದ್ದೀನಲ್ಲಪ್ಪಾ, ಇನ್ನೇನು ಬೇಕಂತೆ ಇದಕ್ಕೆ?' ಅಂದರು. ಅವರ ಲೆಕ್ಕ ಸರಿಯೇ. ಕಂಪ್ಯೂಟರಿಗೆ ಮಾತ್ರ ಸ, ಹಲಂತ, ಥ, ದೀರ್ಘ, ಪ, ನ, ಎತ್ವ ಅಂತ ಏಳು ಕಾಣುತ್ತವೆ. ಹಲಂತ ಒಂದನ್ನು ಬಿಟ್ಟು ಆರು ಅಂತ ಎಣಿಸುತ್ತದೆ. ಮೂರು = ಸಾಲದು, ನಾಲ್ಕು ಹಾಕಿದರೆ ಬೈದುಕೊಂಡು ಒಪ್ಪುತ್ತದೆ, ಆರು ಹಾಕಿದರೆ ಸುಮ್ಮನಾಗುತ್ತದೆ. ಕನ್ನಡ ಮೇಷ್ಟ್ರಿಗೆ ಇದನ್ನು ವಿವರಿಸೋದು ಎಷ್ಟು ಮುಜುಗರ ಅಲ್ವಾ!

ಪರಿಹಾರ ಸಿಕ್ಕಿದ್ದು ಮಿಸ್ಟ್‌ನಿಂದ. ಈ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಸ್ಫಿಂಕ್ಸ್‌ಗೆ ಮಾರ್ಕ್‌ಡೌನ್ ಅನ್ನೋ ಇನ್ನೂ ಸರಳವಾದ ರೂಪ ಅರ್ಥವಾಗುತ್ತದೆ. ಹೆಡಿಂಗ್‌ಗೆ ಮುಂದೊಂದು # ಇಟ್ಟರೆ ಆಯಿತು. ಕೈಪಿಡಿಯನ್ನೆಲ್ಲ ಮಾರ್ಕ್‌ಡೌನ್‌ಗೆ ತಂದೆವು, ಫಂಕ್ಷನ್‌ಗಳ ಒಳಗಿನ ವಿವರಣೆ ಹಳೆಯ ರೂಪದಲ್ಲೇ ಉಳಿಯಿತು. ಎರಡು ಬಗೆ ಯಾಕೆ ಅಂತ ಕೇಳೋರಿದ್ದಾರೆ. ಬರೆಯೋರು ಎರಡು ಬಗೆ ಇದ್ದಾರೆ, ಅದಕ್ಕೆ.

ಲಿಂಕ್‌ಗಳದ್ದು ಇನ್ನೊಂದು ಕತೆ. ಕನ್ನಡ ಹೆಡಿಂಗ್‌ನಿಂದ ಲಿಂಕ್‌ನ ವಿಳಾಸ ಮಾಡಲು ಸ್ಫಿಂಕ್ಸ್‌ಗೆ ಬರುವುದಿಲ್ಲ. ಐಡಿ1, ಐಡಿ2 ಅಂತ ನಂಬರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಮೇಲೆ ಹೊಸ ಭಾಗ ಸೇರಿಸಿದರೆ ನಂಬರೆಲ್ಲ ಜಾರುತ್ತದೆ, ಹಿಂದೆ ಹಂಚಿದ ಲಿಂಕ್ ಪಕ್ಕದ ಮನೆ ಬಾಗಿಲು ತಟ್ಟುತ್ತದೆ. ಈಗ ಪ್ರತಿ ಹೆಡಿಂಗ್ ಮೇಲೂ ಇಂಗ್ಲಿಷ್ ಅಕ್ಷರದ ಒಂದು ಗುರುತು ಕೈಯಾರೆ ಇಡುತ್ತೇವೆ. ಪಿಡಿಎಫ್ ಬೇಕಾದವರು ಪುಟ ಜೋಡಿಸುವ ಎಂಜಿನ್ ಆಗಿ ಮೊದಲೇ ಝೀಲೇಟೆಕ್ ಆರಿಸಿ, ನೋಟೊ ಸೆರಿಫ್ ಕನ್ನಡ ಫಾಂಟ್ ಕೊಡಿ. ಡೀಫಾಲ್ಟ್ ಆಗಿ ಬರುವ ಪಿಡಿಎಫ್‌ಲೇಟೆಕ್‌ನಲ್ಲಿ ಕನ್ನಡ ಮೂಡುವುದಿಲ್ಲ.

ಬೇರೆ ಟೂಲ್ ನೋಡಲಿಲ್ಲ ಅಂತಲ್ಲ. ಎಂಕೆಡಾಕ್ಸ್ ಅರ್ಧ ಗಂಟೆಯಲ್ಲಿ ನಿಂತುಬಿಡುತ್ತದೆ. ಬರೀ ಕೈಪಿಡಿ ಇರುವ ಪ್ರಾಜೆಕ್ಟ್ ಆದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಅದರಲ್ಲೂ ಕನ್ನಡ ಹೆಡಿಂಗ್‌ಗೆ ನಂಬರೇ ಬರುವುದು, ಆದರೆ ಯೂನಿಕೋಡ್ ಸೆಟ್ಟಿಂಗ್ ಒಂದು ಹಾಕಿದರೆ ನಂಬರ್ ಬದಲು ಕನ್ನಡ ಅಕ್ಷರ ಬರುತ್ತದೆ, ಹಲಂತ, ಸ್ವರಚಿಹ್ನೆ ಮಾತ್ರ ಉದುರಿಹೋಗುತ್ತವೆ. ಆಸ್ಕಿಡಾಕ್‌ನ ಟೇಬಲ್‌ಗಳು ನನಗೆ ತುಂಬಾ ಇಷ್ಟ. ನಮ್ಮಲ್ಲಿ ಅದನ್ನು ಕಲಿಯುವ ಇನ್ನೊಬ್ಬರು ಸಿಗಲಿಲ್ಲ, ಅಷ್ಟೇ. ಕೋಡ್‌ನ ವಿವರಣೆ ಜಾಸ್ತಿ ಇದ್ದರೆ ಇವತ್ತಿಗೂ ನಾನು ಹೇಳೋದು ಸ್ಫಿಂಕ್ಸ್, ಜೊತೆಗೆ ಮೊದಲ ದಿನದಿಂದಲೇ ಮಿಸ್ಟ್.

ಸ್ಫಿಂಕ್ಸ್ ಸೋತಿದ್ದು ಪುಟಗಳೊಳಗಿನ ಹುಡುಕಾಟದಲ್ಲಿ. 'ಕಡತ' ಅಂದರೆ ಸಿಗುತ್ತದೆ. 'ಸ್ಥಾಪನೆ' ಅಂದರೆ ಹಲಂತ, ಸ್ವರಚಿಹ್ನೆ ಇದ್ದಲ್ಲೆಲ್ಲ ಪದವನ್ನು ತುಂಡುಮಾಡಿ, ಸಂಬಂಧವಿಲ್ಲದ ಪುಟಗಳನ್ನು ತಂದು ಸುರಿಯುತ್ತದೆ. ಕೊನೆಗೆ ಕನ್ನಡ ಪುಟಗಳಿಂದ ಹುಡುಕುವ ಬಾಕ್ಸನ್ನೇ ತೆಗೆದೆವು. ಅದರ ಜಾಗದಲ್ಲಿ ಒಂದು ಪದಸೂಚಿ ಇದೆ. ಅಕಾರಾದಿಯಾಗಿ ಜೋಡಿಸಿಕೊಟ್ಟವರು ಮೇಷ್ಟ್ರೇ, ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದು.